ನೀರು ಬರುವ ನಲ್ಲಿ

ಕೈ ತೊಳೆಯುವುದು ಹೇಗೆಂದು ಜನಕ್ಕೆ ಕಲಿಸುವ ಕರಪತ್ರ ಸಿದ್ಧವಾಗಿತ್ತು. ಮುಖಪುಟದ ಫೋಟೋ ಒಂದೇ ಬಾಕಿ.

"ಬರೆದ ಚಿತ್ರ ಬೇಡ ಕಣ್ರೀ," ಎಂದರು ಆರೋಗ್ಯ ಕಚೇರಿಯ ಸಾಹೇಬರು, ಡಿಸೈನರನಿಗೆ. "ನಲ್ಲಿ, ಜೋರಾಗಿ ಬೀಳೋ ನೀರು, ನೊರೆ ಹತ್ತಿದ ಕೈ. ಮೂರು ಗಂಟೆಯೊಳಗೆ ತನ್ನಿ, ನಿಮ್ಮ ಬೀದಿಗೆ ದಿನಾ ಟ್ಯಾಂಕರ್ ಕಳಿಸ್ತೀನಿ."

ಡಿಸೈನರನಿಗೆ ಸಾಹೇಬರ ಕಾಲಿಗೆ ಬೀಳುವುದೊಂದು ಬಾಕಿ. ಅವನ ಬೀದಿಗೆ ಟ್ಯಾಂಕರ್ ಬರುತ್ತಿದ್ದುದು ನಾಲ್ಕು ದಿನಕ್ಕೊಮ್ಮೆ. ಆ ತಿಂಗಳು ವಾಂತಿಭೇದಿಗೆ ಇಬ್ಬರು ತೀರಿಹೋಗಿದ್ದರು. ಅವನ ಮಗಳೂ ಮೂರು ದಿನದಿಂದ ಹಾಸಿಗೆ ಹಿಡಿದಿದ್ದಳು.

ಆದರೆ ನೀರು ಬರುವ ನಲ್ಲಿ ಎಲ್ಲಿದೆ? ಕಚೇರಿಯದು ತಿರುಗಿಸಿದರೆ ಮುದುಕರಂತೆ ಕೆಮ್ಮಿ ಸುಮ್ಮನಾಯಿತು. ಆಸ್ಪತ್ರೆಯದಕ್ಕೆ ಬಟ್ಟೆ ಸುತ್ತಿದ್ದರು. ಹೋಟೆಲಿನವನಂತೂ, "ಫೋಟೋ ಎಷ್ಟಾದ್ರೂ ತಗೊಳ್ಳಿ, ನೀರು ಮಾತ್ರ ಕೇಳ್ಬೇಡಿ," ಎಂದ.

ಬೇರೆ ದಾರಿ ಕಾಣದೆ ಅವನು ಕ್ಯಾಮೆರಾ ಹೊತ್ತು ಮನೆಗೇ ಬಂದ. ವಿಷಯ ತಿಳಿದದ್ದೇ ತಡ, ಬೀದಿಯೆಲ್ಲ ಅವನ ಹಿತ್ತಲಲ್ಲಿ, ಒಣಗಿ ನಿಂತ ನಲ್ಲಿಯ ಸುತ್ತ ಸೇರಿತು.

"ಅಷ್ಟೇನಾ? ಗೋಡೆ ಹಿಂದೆ ಪೈಪಿಗೆ ರಬ್ಬರ್ ಟ್ಯೂಬ್ ಸಿಕ್ಸಿ, ಮಹಡಿಯಿಂದ ನೀರು ಬಿಟ್ರಾಯ್ತು," ಎಂದ ಪಕ್ಕದ ಮನೆ ದರ್ಜಿ.

"ನೀರು ಯಾರು ಕೊಡ್ತಾರೆ, ನಿಮ್ಮ ತಾತನಾ?" ಡಿಸೈನರನ ಹೆಂಡತಿ ಸಿಡುಕಿದಳು.

"ಟ್ಯಾಂಕರ್ ದಿನಾ ಬರೋದಾದ್ರೆ ಕೊಡೋಣ ಕಣಮ್ಮ," ಎಂದು ಎದುರುಮನೆ ಅಜ್ಜಿ ತಮ್ಮ ಒಂದೇ ಕೊಡ ತಂದಿಟ್ಟರು. ಅದನ್ನು ನೋಡಿ ಉಳಿದವರೂ ತಂದರು.

ಮೊದಲ ಸಲ ಟ್ಯೂಬ್ ಕಳಚಿ ದರ್ಜಿ ತೊಯ್ದು ತೊಪ್ಪೆಯಾದ. ಯಾರೂ ನಗಲಿಲ್ಲ, ಎರಡು ಕೊಡ ನೀರು ಮಣ್ಣುಪಾಲಾಗಿತ್ತು. ಎರಡನೆಯ ಸಲ ಫೋಟೋದೊಳಗೆ ದರ್ಜಿಯ ಮೂಗು ಬಂತು. ಮೂರನೆಯ ಸಲ ಅಜ್ಜಿಯ ನೊರೆಗೈ ಮೇಲೆ ನೀರು ಧೋ ಎಂದು ಸುರಿಯಿತು. ಅಷ್ಟರಲ್ಲಿ ಬೀದಿಯ ಕೊಡಗಳೆಲ್ಲ ಖಾಲಿ.

"ಭೇಷ್! ಎಲ್ರೀ ಈ ನಲ್ಲಿ?" ಎಂದರು ಕಚೇರಿಯಲ್ಲಿ ಫೋಟೋ ನೋಡಿದ ಸಾಹೇಬರು.

"ನಮ್ಮ ಮನೆದೇ ಸಾರ್," ಎಂದು ಡಿಸೈನರ್ ಎದೆಯುಬ್ಬಿಸಿದ.

ಸಾಹೇಬರು ಸಹಿ ಹಾಕಿ ಕರಪತ್ರವನ್ನು ಪ್ರೆಸ್ಸಿಗೆ ಕಳಿಸಿದರು. ಆಮೇಲೆ ಫೋನ್ ಎತ್ತಿದರು. "ಇವರ ಬೀದಿ ಟ್ಯಾಂಕರ್ ನಿಲ್ಸಿಬಿಡ್ರೀ. ಅಲ್ಲಿ ನಲ್ಲೀಲೇ ಹೊಳೆ ಹರೀತಿದೆ, ಕಣ್ಣಾರೆ ನೋಡ್ದೆ."

"ಸಾರ್, ಅದು... ಟ್ಯೂಬ್..."

"ಅಂದ್ರೆ? ಸರ್ಕಾರದ ಕರಪತ್ರಕ್ಕೆ ಸುಳ್ಳು ಫೋಟೋ ಹಾಕಿದ್ರಾ? ಹಾಗಂತ ಬರ್ಕೊಡಿ, ಪೊಲೀಸಿಗೆ ಕಳಿಸ್ತೀನಿ."

ಡಿಸೈನರ್ ಕ್ಯಾಮೆರಾ ಹೆಗಲಿಗೇರಿಸಿ ಹೊರಬಿದ್ದ.

ಸಂಜೆ ಅವನು ಬರುವುದನ್ನೇ ಬೀದಿ ಕಾದಿತ್ತು. ಅಜ್ಜಿ ಬಿಸಿ ಲೋಟವೊಂದನ್ನು ಅವನ ಕೈಗಿಟ್ಟರು. "ಕೊಡಗಳ ತಳದಲ್ಲಿ ಉಳಿದಿದ್ದನ್ನೆಲ್ಲ ಬಸಿದು ಎಲ್ಲರಿಗೂ ಟೀ ಮಾಡ್ಬಿಟ್ಟೆ. ಕುಡಿಯಪ್ಪಾ, ಇನ್ನು ನೀರಿಗೇನು ಬರ!"

ಒಳಗೆ ಮಗಳು ನೀರು ನೀರು ಎಂದು ನರಳುತ್ತಿದ್ದಳು. ಟೀ ಕೊಟ್ಟರೆ ಆದೀತೇ ಎಂದು ಯೋಚಿಸುತ್ತ ಅವನು ಲೋಟ ಹಿಡಿದು ನಿಂತ.