ಮೂರು ಕಲ್ಲಿನ ತೋಟ

"ಹದಿನೆಂಟು ವರ್ಷ ಸಾಲಿ ಕಲ್ತು ಹುಲ್ಲು ಹಚ್ಚೋದು ಕಲ್ತು ಬಂದಾನ ನೋಡ್ರಿ ಇಂವ. ನಮ್ಮ ಎಮ್ಮಿ ಒಂದಿನನೂ ಸಾಲಿ ಕಟ್ಟಿ ಹತ್ತಿಲ್ಲ, ಹುಲ್ಲಿನ ಬಗ್ಗೆ ಅದಕ್ಕ ಇವನಿಗಿಂತ ಜಾಸ್ತಿ ಗೊತ್ತೈತಿ."

ಮಂಡಲ ಪ್ರಧಾನ ಗೋಪಣ್ಣ ಇದನ್ನು ಹೇಳಿದ್ದು ಹುಸೇನ್‌ಬೀಯ ಚಹಾದಂಗಡಿಯ ಮುಂದೆ, ಬೆಳಗಿನ ಏಳಕ್ಕೆ, ಬೆಂಚಿನ ಮೇಲೆ ಹನ್ನೊಂದು ಜನ ಕೂತಿದ್ದಾಗ. ಹನ್ನೊಂದೂ ಜನ ನಕ್ಕರು. ಬಾಯಲ್ಲಿ ಚಹಾ ಇದ್ದವರು ಮೂಗಿನಿಂದ ನಕ್ಕರು.

ಮೈಲಾರಲಿಂಗಪ್ಪ ನಗಲಿಲ್ಲ. ಅವನ ಕೈಯಲ್ಲಿ ಅಳತೆಯ ಟೇಪು, ಹೆಗಲ ಮೇಲೆ ಸುಣ್ಣದ ಪುಡಿಯ ಚೀಲ, ಕಂಕುಳಲ್ಲಿ ನಕ್ಷೆಯ ಸುರುಳಿ. ಅವನು ಅಹಮದಾಬಾದಿನಲ್ಲಿ ಓದುತ್ತಿದ್ದದ್ದು ಬಯಲು, ತೋಟ, ಕೆರೆದಂಡೆಗಳನ್ನು ಹೇಗೆ ರೂಪಿಸಬೇಕೆಂಬ ವಿದ್ಯೆ. ಅದನ್ನು ಊರಿಗೆ ತಿಳಿಸಿ ಹೇಳಲು ಎರಡು ರಜೆ ಖರ್ಚು ಮಾಡಿದ್ದ. ಊರು ತಿಳಿದುಕೊಂಡದ್ದು ಒಂದೇ ಶಬ್ದ: ಮಾಲಿ.

"ಸಂಜಿಕ ನೋಡ್ರಿ, ಗೋಪಣ್ಣಾರ," ಅಂದ. "ನಮ್ಮ ಮೇಡಂ ಬರ್ತಾರ. ಆಗ ಎಮ್ಮಿಗೆ ಎಷ್ಟು ಗೊತ್ತೈತಿ, ನನಗೆಷ್ಟು ಗೊತ್ತೈತಿ ತಿಳೀತೈತಿ."

ಕೊನೆಯ ವರ್ಷದ ಯೋಜನೆಗೆ ಅವನು ಆರಿಸಿಕೊಂಡದ್ದು ಊರ ದನ ಮೇಯುವ ಗಾಯರಾಣವನ್ನು. ಮಸ್ಕಿಯಿಂದ ಸಿಂಧನೂರಿಗೆ ಹೋಗುವ ರಸ್ತೆಗೆ ಹತ್ತಿದ ಎರಡೆಕರೆ ಬಯಲು, ಒಂದು ಬೇವಿನ ಮರ, ಉಳಿದದ್ದೆಲ್ಲ ಜಾಲಿ. ನಕ್ಷೆಯಲ್ಲಿ ಮೊಗಲರ ನಾಲ್ಕು ಚೌಕದ ತೋಟವಿತ್ತು, ನಡುವೆ ಕೊಳ. ಮೂಲೆಯಲ್ಲಿ ಜಪಾನಿನ ಕಲ್ಲಿನ ತೋಟ. ಸುತ್ತಲೂ ಇಂಗ್ಲೆಂಡಿನ ಡೊಂಕು ದಾರಿ. ಅಹಮದಾಬಾದಿನಲ್ಲಿ ಪಾಠ ಹೇಳುವ ಧಾರವಾಡ ಕಡೆಯ ಮೇಡಂ ಅದನ್ನು ನೋಡಿ ಕನ್ನಡಕ ತೆಗೆದಿದ್ದರು.

"ದಿಲ್ಲಿ ಅದ, ಜಪಾನ್ ಅದ, ಲಂಡನ್ ಅದ. ನಿಮ್ಮೂರು ಎಲ್ಲದ? ಕಾಗದ ಬಿಡು, ನೆಲದ ಮ್ಯಾಲ ಸುಣ್ಣದ ಗೆರಿ ಹೊಡದು ತೋರ್ಸು. ಹಂಪಿಗೆ ಬರೋಳಿದ್ದೀನಿ, ಅಲ್ಲಿಂದ ಬಂದು ನೋಡ್ತೀನಿ. ನಿಮ್ಮ ಮಂದಿ ಆ ಜಾಗದಾಗ ಹೆಂಗಿರ್ತಾರ ಅನ್ನೋದು ನನಗ ಕಾಣಬೇಕು. ಕಂಡ್ರ ಪಾಸು, ಇಲ್ಲಾಂದ್ರ ಫೇಲು."

ಫೇಲಾದರೆ ಲಿಂಗಸುಗೂರಿನಲ್ಲಿ ಮಾವನ ಗೊಬ್ಬರದ ಅಂಗಡಿ ಕಾದಿತ್ತು. ಚೀಲ ಹೊರುವವರು ತಲೆಗೆ ಹಾಕಿಕೊಳ್ಳುವ ಗೋಣಿಯ ಕುಲಾಯಿಯನ್ನು ಮಾವ ಇವನ ತಲೆಯ ಅಳತೆಗೆ ಆಗಲೇ ಹೊಲಿಸಿಟ್ಟಿದ್ದ.

ಮೇಡಂ ಬರುವುದು ಸಂಜೆ ಐದರ ಸಿಂಧನೂರು ಬಸ್ಸಿಗೆ ಎಂದು ಕಾಗದ ಬಂದಿತ್ತು. ಮೈಲಾರಿ ಒಂಬತ್ತಕ್ಕೆಲ್ಲ ಗೆರೆ ಹೊಡೆದು ಮುಗಿಸಿದ. ಐದು ಕಲ್ಲು ಹೊತ್ತು ತಂದು ಜಪಾನನ್ನೂ ಹೂಡಿದ. ದೂರ ನಿಂತು ನೋಡಿದ. ಎರೆ ಮಣ್ಣಿನ ಮೇಲೆ ಬಿಳಿ ಗೆರೆಗಳು ಹೊಸ ಧೋತರದ ಅಂಚಿನ ಹಾಗೆ ಹೊಳೆಯುತ್ತಿದ್ದವು. ಪಾಸು ಎಂದು ತಾನೇ ತೀರ್ಪು ಕೊಟ್ಟುಕೊಂಡ.

ಆಗ ಬಂದವಳು ಅಮರಮ್ಮ, ತಲೆಯ ಮೇಲೆ ಕೊಡ ಹೊತ್ತು.

"ಏನಪಾ ಇದು?"

"ನಾಕು ಭಾಗ ಮಾಡೀನಿ, ಆಯಿ. ನಡುವ ನೀರು. ಎಲ್ಲಾ ಊರ ಮಂದಿಗೇ."

ಅಮರಮ್ಮ ಕೊಡವನ್ನು ಅಲ್ಲೇ ಇಳಿಸಿ ಓಡಿದಳು. ಅರವತ್ತು ದಾಟಿದವಳು ಅಷ್ಟು ಜೋರಾಗಿ ಓಡಬಲ್ಲಳೆಂಬುದು ಮೈಲಾರಿಗೆ ಗೊತ್ತಿರಲಿಲ್ಲ. ಯಾಕೆ ಓಡಿದಳೆಂಬುದೂ ಹೊಳೆಯಲಿಲ್ಲ.

ಆ ಸೀಮೆಯಲ್ಲಿ ಟೇಪು ಹಿಡಿದವನೊಬ್ಬ ಬಯಲಿನಲ್ಲಿ ಸುಣ್ಣದ ಗೆರೆ ಹೊಡೆದನೆಂದರೆ ಸರ್ಕಾರ ಜನತಾ ಮನೆ ಹಂಚುತ್ತಿದೆ ಎಂದೇ ಅರ್ಥ. ಹಂಚುವಾಗ ಯಾದಿ, ಸಹಿ, ಠಸ್ಸೆ ಎಲ್ಲ ಆಮೇಲೆ. ಮೊದಲು ಮೂರು ಕಲ್ಲು. ಮೂರು ಕಲ್ಲಿಟ್ಟು ಒಲೆ ಹೂಡಿ ಹೊಗೆ ಎಬ್ಬಿಸಿದವರನ್ನು ಜಾಗದಿಂದ ಎಬ್ಬಿಸುವ ಗಂಡಸು ತಹಶೀಲಿಯಲ್ಲಿ ಇನ್ನೂ ಹುಟ್ಟಿರಲಿಲ್ಲ.

ಹತ್ತೂವರೆಗೆ ಗಾಯರಾಣದಲ್ಲಿ ಮೂವತ್ತು ಒಲೆ ಉರಿಯುತ್ತಿದ್ದವು. ಮೊಗಲರ ತೋಟದಲ್ಲಿ ರೊಟ್ಟಿ ಬಡಿಯುವ ಸದ್ದು. ಇಂಗ್ಲೆಂಡಿನ ದಾರಿಯ ಮೇಲೆ ಎರಡು ಆಡು, ಒಂದು ತೊಟ್ಟಿಲು.

"ಇದು ಮನಿ ಜಾಗ ಅಲ್ರೀ, ತೋಟ," ಎಂದು ಮೈಲಾರಿ ಒಲೆಯಿಂದ ಒಲೆಗೆ ಓಡಾಡಿದ.

"ತಮ್ಮಾ, ಸರ್ಕಾರದವ್ರು ಮೊದ್ಲು ಹಂಗ ಹೇಳ್ತಾರ," ಅಂದಳು ಅಮರಮ್ಮ, ಬೇವಿನ ನೆರಳಿನಿಂದ ಕದಲದೆ. "ಆಮ್ಯಾಲ ತಮ್ಮ ಬೀಗರಿಗೆ ಕೊಡ್ತಾರ."

ಜಪಾನಿನ ಮೂಲೆಗೆ ಬಂದು ನೋಡಿದರೆ ಅಲ್ಲಿ ಅವನ ತಾಯಿ ಗದ್ದೆಮ್ಮ. ಐದು ಕಲ್ಲಿನಲ್ಲಿ ಮೂರು ಒಲೆಯಾಗಿದ್ದವು, ಒಂದರ ಮೇಲೆ ಅವಳು ಕೂತಿದ್ದಳು, ಉಳಿದದ್ದರ ಮೇಲೆ ಹಿಟ್ಟಿನ ಬುಟ್ಟಿ.

"ಯವ್ವಾ, ನೀನೂನಾ?"

"ಎಲ್ಲಾರೂ ಹೊರಗಿಂದ ಕಲ್ಲು ಹೊತ್ತು ತಂದಾರ. ನನ್ನ ಮಗ ನನಗ ಮೊದ್ಲ ತಂದಿಟ್ಟಾನ ಅಂತ ಓಣಿಗೆಲ್ಲ ಹೇಳೀನಿ."

"ಯವ್ವಾ, ಅವು ಸುಮ್ನ ಕುಂತು ನೋಡೋ ಕಲ್ಲು. ನೋಡಿದ್ರ ಮನಸ್ಸಿಗೆ ಶಾಂತಿ ಸಿಗ್ತೈತಿ."

"ಕಲ್ಲು ನೋಡಾಕ ಇಲ್ಲಿಗ್ಯಾಕ ಬರಬೇಕು? ಮಸ್ಕಿ ಗುಡ್ಡ ಏನು ಓಡಿಹೋಗೈತಿ?"

ಬಯಲಿನ ಎದುರಿಗೇ ಇದ್ದ ಚಹಾದಂಗಡಿಯಿಂದ ಹುಸೇನ್‌ಬೀ ಕೈ ಬೀಸಿದಳು. "ಮೈಲಾರೀ, ಇಲ್ಲಿ ಬಾ ಸ್ವಲ್ಪ. ಒಳಗ ಯಾರೋ..."

"ಆಮ್ಯಾಲ, ಹುಸೇನ್‌ಬೀ. ನನ್ನ ವರ್ಷ ಸುಡಾಕತ್ತೈತಿ ಇಲ್ಲಿ."

ಅಧಿಕಾರವಿದ್ದವರೇ ಬೇಕೆಂದು ನುಂಗಲಾರದ್ದನ್ನು ನುಂಗಿ ಗೋಪಣ್ಣನ ಮನೆಗೆ ಹೋದ. ಪ್ರಧಾನರು ಆಗಲೇ ಚಪ್ಪಲಿ ಮೆಟ್ಟಿ ಹೊರಟಿದ್ದರು. ಹಿಂದೆ ಅವರ ಆಳು ನಿಂತಿದ್ದ, ತಲೆಯ ಮೇಲಿನ ಬುಟ್ಟಿಯಲ್ಲಿ ಮೂರು ಕಲ್ಲು. ತೊಳೆದು ಕುಂಕುಮ ಹಚ್ಚಿದ ಕಲ್ಲು.

"ರಸ್ತೆ ಬಾಜು ಮೂಲಿ ಖಾಲಿ ಐತೇನೋ?" ಅಂದ ಗೋಪಣ್ಣ. "ಇಲ್ಲಾಂದ್ರ ಗೆರಿ ಸ್ವಲ್ಪ ಈ ಕಡಿ ಸರಿಸು. ಸುಣ್ಣ ತಾನ, ಅದಕ್ಕೇನು ಖರ್ಚು."

ಮೈಲಾರಿ ಅವನನ್ನು ನೋಡಿದ, ಕಲ್ಲನ್ನು ನೋಡಿದ. ಅಹಮದಾಬಾದಿನಲ್ಲಿ ಯಾರೂ ಕಲಿಸದ ಬುದ್ಧಿಯೊಂದು ಆಗ ಹುಟ್ಟಿತು. ಬಯಲಿಗೆ ವಾಪಸು ಬಂದು ಅಮರಮ್ಮನ ಕೊಡದ ಪಕ್ಕ ನಿಂತು, ಎಲ್ಲರಿಗೂ ಕೇಳುವ ಹಾಗೆ ಹೇಳಿದ:

"ಅಡಿಗಿ ಆಗೋದ್ರಾಗ ಒಂದು ಮಾತು ಹೇಳಿಬಿಡ್ತೀನಿ. ಇದು ಸರ್ಕಾರ ಮಂಜೂರು ಮಾಡಿದ ಹೊಸಾ ಸುಡುಗಾಡು."

ರೊಟ್ಟಿಯ ಸದ್ದು ನಿಂತಿತು.

"ನಾಕು ಚೌಕ ಹೂಳಾಕ. ನಡುವ ಕೊಳ ಜಳಕಾ ಮಾಡಾಕ. ಕಲ್ಲು ಹೆಣ ಇಳಿಸಾಕ."

"ದಾರಿ ಯಾಕ ಡೊಂಕು ಮಾಡೀಯೋ?" ಬೆನ್ನಿಗೇ ಬಂದಿದ್ದ ಗೋಪಣ್ಣ ಕೇಳಿದ, ಸಂಶಯದಿಂದ.

"ದೆವ್ವಕ್ಕ ತಿರುಗಿ ಮನೀಗೆ ಬರಾಕ ಹಾದಿ ತಪ್ಪಲಿ ಅಂತ."

ಗೋಪಣ್ಣನ ಮುಖದ ಮೇಲೆ ಮೊದಲ ಬಾರಿಗೆ ವಿದ್ಯೆಯ ಬಗ್ಗೆ ಗೌರವ ಕಾಣಿಸಿತು. ಆಳು ಬುಟ್ಟಿಯನ್ನು ಅಲ್ಲೇ ಚೆಲ್ಲಿ ಓಡಿದ. ಗದ್ದೆಮ್ಮ ಅರ್ಧ ಬೆಂದ ರೊಟ್ಟಿಯನ್ನು ಸೆರಗಿಗೆ ಹಾಕಿಕೊಂಡು, ಮಗನಿಗೆ ಓಣಿಯ ಭಾಷೆಯಲ್ಲಿ ನಾಲ್ಕು ಮಾತು ಹೇಳಿ ಹೊರಟಳು. ಐದು ನಿಮಿಷದಲ್ಲಿ ಬಯಲು ಬಯಲಾಯಿತು.

"ಮೈಲಾರೀ, ಬಾರೋ ಒಂದು ನಿಮಿಷ," ಹುಸೇನ್‌ಬೀ ಮತ್ತೆ ಕೂಗಿದಳು.

"ಸಂಜಿಕ ಬರ್ತೀನಿ. ಎಲ್ಲಾರಿಗೂ ಚಹಾ ನಂದ."

ಮಧ್ಯಾಹ್ನವೆಲ್ಲ ಬೂದಿ ಗುಡಿಸಿದ, ಗೆರೆಗಳ ಮೇಲೆ ಮತ್ತೊಮ್ಮೆ ಸುಣ್ಣ ಬಿಟ್ಟ, ಮಸಿ ಹಿಡಿದ ಜಪಾನನ್ನು ತೊಳೆದ. ಐದಕ್ಕೆ ಬಸ್ಸು ಬಂತು. ಅದರಿಂದ ಇಳಿದದ್ದು ದಢೇಸುಗೂರಿನ ಕಡೆಯ ಇಬ್ಬರು, ಒಂದು ಭತ್ತದ ಚೀಲ. ಮೇಡಂ ಇಳಿಯಲಿಲ್ಲ.

"ಅವ್ರು ಇನ್ನ ಯಾಕ ಇಳೀತಾರ?" ಹಿಂದಿನಿಂದ ಹುಸೇನ್‌ಬೀ ಅಂದಳು. "ಎಂಟರ ಬಸ್ಸಿಗೆ ಬಂದಾರ. ಮುಂಜಾನಿಂದ ಹೇಳಾಕತ್ತೀನಿ, ಕೇಳ್ತೀಯೇನು ನೀ?"

ಅಂಗಡಿಯ ಗೋಣಿತಟ್ಟಿನ ಪರದೆ ಸರಿಸಿ ಮೇಡಂ ಹೊರಬಂದರು, ಕೈಯಲ್ಲಿ ಒಂದು ಪುಸ್ತಕ. ಅದರಲ್ಲಿ ಮೂವತ್ತೂ ಒಲೆಗಳ ಚಿತ್ರವಿತ್ತು.

"ನಾ ಕಂಡ್ರ ಮಂದಿ ಇದ್ದಂಗ ಇರಂಗಿಲ್ಲಂತ ಮುಂಚೇನ ಬಂದು ಒಳಗ ಕೂತಿದ್ದೆ. ನೋಡಿಲ್ಲೆ. ಬೇವಿನ ನೆರಳಿಗೆ ಹನ್ನೆರಡು ಒಲಿ. ಕೊಳದಾಗ ಒಂದೂ ಇಲ್ಲ. ಗಾಳಿ ಬರೋ ಕಡೆ ಬೆನ್ನು, ರಸ್ತೆ ಕಡೆ ಮುಖ. ತೊಟ್ಟಿಲು ಎಲ್ಲಿ, ಆಡು ಎಲ್ಲಿ, ಮುದುಕರು ಎಲ್ಲಿ ಕೂಡ್ತಾರ, ಎಲ್ಲಾ ನಿಮ್ಮ ಊರೇ ತೋರಿಸಿಕೊಡ್ತು. ನಾಕು ಗೆರಿ ಹೊಡದು ಇಷ್ಟು ಮಂದೀನ ಕರಸಿದ್ಯಲ್ಲ ಅಂತ ಹನ್ನೊಂದು ಗಂಟೆಗೇ ಪಾಸ್ ಅಂತ ಬರದಿದ್ದೆ."

ಪುಟದ ಕೆಳಗೆ ಆ ಶಬ್ದ ಇತ್ತು. ಅದರ ಮೇಲೆ ಅಡ್ಡಗೆರೆಯೂ ಇತ್ತು.

"ಹನ್ನೆರಡಕ್ಕ ನೀನೇ ಅವರನ್ನ ಓಡಿಸಿದಿ. ಕೂತ ಮಂದೀನ ಎಬ್ಬಿಸಿ ಖಾಲಿ ಸುಣ್ಣ ತೋರಿಸಿದ್ರ ನಾ ಏನು ನೋಡಬೇಕು?"

ಮೇಡಂ ಬಸ್ಸು ಹತ್ತಿದರು. ಬಸ್ಸು ಹೋದಮೇಲೆ ಬೆಂಚಿನ ಕಡೆಯಿಂದ ಗೋಪಣ್ಣನ ಧ್ವನಿ ಬಂತು. ಬೆಳಗಿನ ಹನ್ನೊಂದೂ ಜನ ಅಲ್ಲೇ ಇದ್ದರು.

"ಮೈಲಾರೀ, ಮುಂಜಾನಿ ಮಾತು ವಾಪಸ್ ತಗೊಂಡೀನಿ. ಎಮ್ಮಿಗೆ ಇಷ್ಟು ಗೊತ್ತಿಲ್ಲ. ಹತ್ತು ವರ್ಷದಿಂದ ಊರಿಗೆ ಸುಡುಗಾಡಿಲ್ಲ ಅಂತ ಅರ್ಜಿ ಬರದು ಸಾಕಾಗಿತ್ತು. ಮಧ್ಯಾಹ್ನನ ಠರಾವು ಪಾಸ್ ಮಾಡಿದ್ವಿ. ನಿನ್ನ ನಕ್ಷೆ ಇದ್ದಂಗ ಕಟ್ಟಿಸ್ತೀವಿ, ಒಂದು ಗೆರಿ ಬದಲ್ ಮಾಡಂಗಿಲ್ಲ. ಬಾಗಲ ಕಲ್ಲಿನ ಮ್ಯಾಲ ನಿನ್ನ ಹೆಸರನ ಕೆತ್ತಿಸೋದು. ಆದ್ರ ಸುಡುಗಾಡದ ಕಲ್ಲಿಗೆ ಬದುಕಿದ್ದವರ ಹೆಸರು ಒಪ್ಪಂಗಿಲ್ಲ ನೋಡು. ಮುಂದ 'ಕೈಲಾಸವಾಸಿ' ಅಂತ ಹಾಕಿದ್ರ ನಡೀತೈತೇನು?"

ಹನ್ನೊಂದು ಜನರಲ್ಲಿ ಒಬ್ಬರೂ ನಗಲಿಲ್ಲ. ಕಪ್ಪು ಕೈಯಲ್ಲಿ ಹಿಡಿದು ಗಂಭೀರವಾಗಿ ಉತ್ತರಕ್ಕೆ ಕಾದರು.

ಮೈಲಾರಿ ಟೇಪು ಸುತ್ತಿಕೊಂಡ. ಖಾಲಿ ಸುಣ್ಣದ ಚೀಲವನ್ನು ಕೊಡವಿ ತಲೆಗೆ ಕುಲಾಯಿಯ ಹಾಗೆ ಹಾಕಿಕೊಂಡ. ಅಳತೆ ಸರಿಯಾಗಿಯೇ ಇತ್ತು. ಲಿಂಗಸುಗೂರಿನ ದಿಕ್ಕಿಗೆ ನಡೆದುಬಿಟ್ಟ.