ಹೆಕ್ಟರನ ಮೂಗು

ನಮ್ಮ ಅಮೆರಿಕ ಗಣರಾಜ್ಯದ ನೌಕಾಪಡೆಯ ಇತಿಹಾಸ ಬರೆಯುವವರು ಬೇರೆ ಏನನ್ನು ಬಿಟ್ಟರೂ ಇದನ್ನು ಬಿಡುವಂತಿಲ್ಲ: 1819ರ ಮೇ ತಿಂಗಳ ಒಂದು ಗುರುವಾರ ಬೆಳಿಗ್ಗೆ, ಬಾಸ್ಟನ್ ಬಂದರಿನಲ್ಲಿ, ‘ಹೆಕ್ಟರ್’ ಎಂಬ ಯುದ್ಧನೌಕೆಯ ಮುಂತುದಿಯಲ್ಲಿದ್ದ ಟ್ರಾಯ್ ವೀರ ಹೆಕ್ಟರನ ಮರದ ಪ್ರತಿಮೆಯ ಮೂಗು ಮುರಿಯಿತು.

ಮುರಿದದ್ದು ವೈರಿಯ ಗುಂಡಿಗಲ್ಲ. ಹನ್ನೊಂದು ವರ್ಷದ ಸೇವೆಯಲ್ಲಿ ಹೆಕ್ಟರ್ ವೈರಿಯ ಮುಖವನ್ನೇ ಕಂಡಿರಲಿಲ್ಲ. ಇಂಗ್ಲಿಷರೊಡನೆ ನಡೆದ ಯುದ್ಧದುದ್ದಕ್ಕೂ ಅದು ಮದುವೆಮನೆಯಲ್ಲಿ ಗಳಿಗೆಗೊಂದು ಸೀರೆ ಉಡುವ ಬೀಗಿತ್ತಿಯಂತೆ ಬಂದರಿನಲ್ಲೇ ಬಣ್ಣ ಬದಲಿಸುತ್ತ ನಿಂತಿತ್ತು. ಆಮೇಲೆ ಎರಡು ಮರಳುದಿಬ್ಬ, ಒಂದು ಮೀನುದೋಣಿ, ಈಗ ಮೂಗು ಮುರಿದ ಈ ಬಂದರುಕಟ್ಟೆ. ಗುದ್ದಿದ್ದೆಲ್ಲ ಸ್ವದೇಶದ್ದೇ.

ಬಡಗಿ ಎಲ್ಕೇನಾ ಟಟಲ್‌ನ ಕರಾರು ಮುಗಿಯುವುದು ಅಂದೇ. ಭಾನುವಾರ ಊರಿನಲ್ಲಿ ಅವನ ಮದುವೆ. ಹಡಗೋ, ಸಂಜೆ ಐದಕ್ಕೆ ಮೂರು ವರ್ಷದ ಮಟ್ಟಿಗೆ ಮೆಡಿಟರೇನಿಯನ್ನಿಗೆ ಹೊರಡುವುದಿತ್ತು. ಮೂಗು ಕೂತ ಮೇಲೆಯೇ ಬಿಡುಗಡೆ ಚೀಟಿ ಎಂದು ಕ್ಯಾಪ್ಟನ್ ಸ್ಟರ್ಜಿಸ್ ಹೇಳಿ ಕಳಿಸಿದ.

ಎಲ್ಕೇನಾ ಹಗ್ಗದಲ್ಲಿ ಜೋತುಬಿದ್ದು ಕೆತ್ತತೊಡಗಿದ. ಯುದ್ಧವಿಲ್ಲದ ಹಡಗಿನಲ್ಲಿ ಸಲಹೆಗೆ ಬರವಿಲ್ಲ. ನಾವಿಕರ ಮೇಸ್ತ್ರಿ ಕ್ರೋವೆಲ್ ಕಟಕಟೆಯಿಂದ ಬಗ್ಗಿ ನೋಡಿದ. “ವೀರ ಅಂದ್ಮೇಲೆ ಗಿಣಿಮೂಗು ಇರ್ಬೇಕು ಕಣೋ. ಇವನು ನೆಗಡಿ ಆದೋನ ಥರ ಇದಾನೆ.” ಎಲ್ಕೇನಾ ಬಾಗಿಸಿದ. ಎರಡು ಪುಸ್ತಕ ಓದಿದ್ದ ಉಗ್ರಾಣದ ಅಧಿಕಾರಿ, ಟ್ರಾಯ್‌ನವರ ಮೂಗು ಹಣೆಯಿಂದಲೇ ನೆಟ್ಟಗೆ ಇಳಿಯುತ್ತದೆ ಎಂದ. ನೆಟ್ಟಗಾಯಿತು. ಅಡಿಗೆಯವನಿಗೆ ಹೊಳ್ಳೆ ಕಿರಿದೆನಿಸಿತು. ಹೊಳ್ಳೆ ಕೊರೆಯುವಾಗ ಮೂಗು ಎರಡು ಹೋಳಾಯಿತು.

ಗಂಟೆ ನಾಲ್ಕು. ಉಳಿದದ್ದು ಗಂಟುಗಂಟಾದ ಒಂದು ಓಕ್ ತುಂಡು. ಅದನ್ನೇ ಬೆಣೆ ಹೊಡೆದು ಕೂರಿಸಿ ಬಣ್ಣ ಬಳಿದ. ಮೇಲಿದ್ದವರೆಲ್ಲ ಕಟಕಟೆಯಿಂದ ಬಗ್ಗಿ ನೋಡಿದರು. ಆಲೂಗಡ್ಡೆಯಂಥ ತುದಿ, ಎಡಕ್ಕೊಂದು ನರಹುಲಿ: ಸಾಕ್ಷಾತ್ ಕ್ಯಾಪ್ಟನ್ನನ ಮೂಗು.

“ಮದುವೆ ಮರೆತುಬಿಡು,” ಎಂದ ಕ್ರೋವೆಲ್. “ಚಾಟಿ ಏಟಿಗೆ ಈಗ್ಲೇ ಬೆನ್ನಿಗೆ ಎಣ್ಣೆ ಹಚ್ಕೋ.”

ಕ್ಯಾಪ್ಟನ್ ಬಂದ, ದೀರ್ಘವಾಗಿ ನೋಡಿದ, ತನ್ನ ಮೂಗನ್ನೊಮ್ಮೆ ಸವರಿಕೊಂಡ.

“ಎಷ್ಟು ಜನ ನನ್ನ ಚಿತ್ರ ಬರೆದ್ರು, ಟಟಲ್. ಒಬ್ಬನಿಗೂ ಈ ಗಾಂಭೀರ್ಯ ಕೈಗೆ ಸಿಗ್ಲಿಲ್ಲ.”

ಅಲ್ಲೇ ಕಾಗದ ತರಿಸಿ ರುಜು ಹಾಕಿಕೊಟ್ಟ. ಓದು ಬಾರದ ಎಲ್ಕೇನಾ ಅದನ್ನು ಎದೆಗವಚಿಕೊಂಡು ಏಣಿಯತ್ತ ಓಡಿದ. ಉಗ್ರಾಣದವನು ತಡೆದು, ಇಸಿದುಕೊಂಡು ಓದಿದ.

“ಇಳಿದು ಎಲ್ಲಿಗಯ್ಯ? ನಿನ್ನನ್ನು ಮುಖ್ಯ ಬಡಗಿ ಮಾಡಿದಾರೆ. ಈ ಹುದ್ದೆಗೆ ಕರಾರಿಲ್ಲ, ಅವಧಿಯಿಲ್ಲ. ಅವರಾಗಿ ಬಿಡೋವರೆಗೂ ನೀನು ಇಲ್ಲೇ. ಪುಣ್ಯವಂತ ಕಣಯ್ಯ.”

ಐದಕ್ಕೆ ಹೆಕ್ಟರ್ ಹೊರಟಿತು. ಎಲ್ಕೇನಾ ಅದರಲ್ಲಿದ್ದ.