ಸೂಜಿ ಚುಚ್ಚಿದ ಭುಜದ ಕೇಸು

ಶಿಕಾರಿಪುರದಲ್ಲಿ ವಕೀಲಿಕೆ ಮಾಡುತ್ತಾ, ಪಹಣಿ, ಪೋಡಿ, ಬದುವಿನ ಜಗಳಗಳಲ್ಲೇ ನನ್ನ ತಲೆ ನರೆಯಿತು. ಆದರೂ ನಗಬಾರದ ಜಾಗದಲ್ಲಿ ನಗಿಸುವ ಕಕ್ಷಿದಾರರು ನನ್ನನ್ನು ಹುಡುಕಿಕೊಂಡು ಬರುವುದು ನಿಂತಿಲ್ಲ.

ಜಡೆ

ಅಂಥವರಲ್ಲಿ ಒಬ್ಬಾಕೆ ಈಸೂರು ಕಡೆಯವರು, ಕುರಿ ಸಾಕುತ್ತಾರೆ. ಮುಳ್ಳುತಂತಿ ಗೀರಿತೆಂದು ಒಂದು ಖಾಸಗಿ ಕ್ಲಿನಿಕ್ಕಿನಲ್ಲಿ ಟಿಟಿ ಲಸಿಕೆ ಹಾಕಿಸಿಕೊಂಡಿದ್ದರು. ಸೂಜಿ ತೋಳಿಗೆ ಬೀಳುವ ಬದಲು ಭುಜದ ಕೀಲಿಗೇ ಬಿದ್ದಿತ್ತು. ಎಂಟು ತಿಂಗಳಾದರೂ ಎಡಗೈ ಎದೆಮಟ್ಟ ದಾಟುತ್ತಿರಲಿಲ್ಲ. ಮೂಳೆ ಡಾಕ್ಟರು ಹಾಗಂತ ಬರೆದೂ ಕೊಟ್ಟಿದ್ದರು.

ಪರಿಹಾರದ ಅರ್ಜಿಗೆಂದು ಕೇಳಿದೆ, "ಏನೇನು ಕೆಲಸ ಆಗ್ತಿಲ್ಲಮ್ಮ?"

"ಮರಿ ಎತ್ತಾಕ ಆಗಲ್ರೀ. ಸೊಪ್ಪು ಕಡಿಯಾಕ ಆಗಲ್ಲ. ಜಡೀನೂ ನಮ್ಮೆಜಮಾನ್ರೇ ಹಾಕ್ತಾರ."

"ಪಾಪ, ಒಳ್ಳೆಯವರು."

"ಒಳ್ಳೇರೇ. ಆದ್ರ ಅವರಿಗೆ ಕುರಿ ಉಣ್ಣೆ ಕತ್ತರಿಸಿ ರೂಢಿ. ಬಾಚಾಕ ಕುಂತ್ರ ಮೊಣಕಾಲಾಗ ಒತ್ತಿ ಹಿಡೀತಾರ. ಅದನ್ನೂ ಬರೀರಿ."

ಬರೆದೆ.

ಬಲಗೈ

ಸುದ್ದಿ ಹಬ್ಬಿತು. ಆನವಟ್ಟಿಯಿಂದ ಒಬ್ಬ ರೈತರು ಬಸ್ಸು ಹಿಡಿದು ಬಂದರು. ಅವರಿಗೂ ಲಸಿಕೆ ಹಾಕಿದ ಮೇಲೆ ಭುಜದ ನೋವಂತೆ. ಚೀಟಿ ನೋಡಿದೆ. ಲಸಿಕೆ ಎಡಗೈಗೆ ಹಾಕಿದ್ದರು, ಇವರು ಹಿಡಿದುಕೊಂಡು ಕೂತಿದ್ದು ಬಲಗೈ.

"ಎಡಗೈ ಹೇಗಿದೆ ಈಗ?"

"ಎರಡೇ ದಿನಕ್ಕೆ ಸರಿ ಆಯ್ತು ಸಾರ್."

"ಮತ್ತೆ ಬಲಗೈಗೆ ಏನಾಯ್ತು?"

"ಆ ಎರಡು ದಿನ ಎಲ್ಲಾ ಕೆಲಸ ಇದೊಂದೇ ಮಾಡ್ತಲ್ಲ ಸಾರ್."

ಮೂಲ ದಾಖಲೆ

ಡಾಕ್ಟರು ಈಸೂರಿನ ಆಕೆಗೆ ಒಂದು ವ್ಯಾಯಾಮ ಹೇಳಿದ್ದರು. ದಿನಾ ಮನೆಯ ಗೋಡೆಯ ಮೇಲೆ ಬೆರಳು ಹತ್ತಿಸಬೇಕು, ಇರುವೆ ಹತ್ತಿದ ಹಾಗೆ. ಕೈ ಎಲ್ಲಿ ನಿಲ್ಲುತ್ತದೋ ಅಲ್ಲಿ ಆಕೆ ಇದ್ದಿಲಿನಿಂದ ಗೆರೆ ಎಳೆದು ತಾರೀಖು ಬರೆದಿಟ್ಟಿದ್ದರು. ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕೆ ಎಂದು ಗೋಡೆಯ ಫೋಟೋ ತೆಗೆಸಿ ಗ್ರಾಹಕ ಆಯೋಗಕ್ಕೆ ಕೊಟ್ಟೆ.

ಎದುರು ವಕೀಲರು ಎದ್ದರು. "ಇದು ನಕಲು. ಮೂಲ ದಾಖಲೆ ಹಾಜರುಪಡಿಸಲಿ."

ನಾನು ಬಾಯಿ ತೆರೆಯುವ ಮೊದಲೇ ಆಕೆ ಕೈಮುಗಿದು ಹೇಳಿದರು, "ತರ್ತಿದ್ದೆ ಸ್ವಾಮೀ, ಆದ್ರ ಸೂರು ಅದರ ಮ್ಯಾಲ ಕುಂತೈತಿ."

ಫೋಟೋ

ಕೇಸು ಗೆದ್ದೆವು. ಕ್ಲಿನಿಕ್ಕಿನವರು ಪರಿಹಾರ ಕೊಟ್ಟರು, ಆ ದುಡ್ಡಲ್ಲೇ ಆಕೆಯ ಚಿಕಿತ್ಸೆ ಮುಂದುವರಿಯಿತು. ನನ್ನ ವಾದದಿಂದ ಗೆದ್ದೆವು ಅಂತ ಮಾತ್ರ ನಾನು ಎಲ್ಲೂ ಹೇಳಿಕೊಳ್ಳುವುದಿಲ್ಲ.

ಕೊನೆಯ ವಿಚಾರಣೆಯ ದಿನ ಎದುರು ವಕೀಲರು ಒಂದು ದೊಡ್ಡ ಫೋಟೋ ತಂದಿದ್ದರು. ಆಕೆಯ ಮಗಳು ಬಸ್‌ಸ್ಟ್ಯಾಂಡಿನಲ್ಲಿ ಅಮ್ಮನ ಜೊತೆ ಸೆಲ್ಫಿ ತೆಗೆದು ಸ್ಟೇಟಸ್ಸಿಗೆ ಹಾಕಿದ್ದಳಂತೆ. ಅದರಲ್ಲಿ ಆಕೆ ಎಡಗೈಯನ್ನು ತಲೆಯ ಮೇಲಕ್ಕೆ ಎತ್ತಿ ಯಾರಿಗೋ ಬೀಸುತ್ತಿದ್ದರು.

"ಇದು ನೀವೇ ತಾನೇ?"

"ನಾನೇ ರೀ."

"ಎತ್ತಿರೋದು ಎಡಗೈ ತಾನೇ?"

ಆಕೆ ಫೋಟೋವನ್ನು ಹತ್ತಿರ ಹಿಡಿದು ನೋಡಿದರು, ದೂರ ಹಿಡಿದು ನೋಡಿದರು. ಆಮೇಲೆ ನಿಧಾನವಾಗಿ ಕೇಳಿದರು, "ಸಾಹೇಬ್ರ, ನಮ್ಮ ಹಿಂದ ನಿಂತ ಬಸ್ಸಿನ ಬೋರ್ಡು ಸ್ವಲ್ಪ ಓದ್ರಿ."

ವಕೀಲರು ಕನ್ನಡಕ ಏರಿಸಿ ಓದಲು ನೋಡಿದರು. 'ಶಿಕಾರಿಪುರ' ಅನ್ನುವುದು ಕನ್ನಡಿಯಲ್ಲಿ ಕಂಡ ಹಾಗೆ ಹಿಂದುಮುಂದಾಗಿತ್ತು.

"ಓದಾಕ ಬರಲ್ಲ ಅಲ್ರೀ? ಬಸ್ಸು ಉಲ್ಟಾ ಆಗೇತಿ ಅಂದ್ಮ್ಯಾಲ ನಾನೂ ಉಲ್ಟಾನ. ಎತ್ತಿದ್ದು ಬಲಗೈ. ಎಡಗೈನ ಅಂತೀರೋ, ಉಲ್ಟಾ ಬೋರ್ಡು ಹಾಕ್ಕೊಂಡಿದ್ದಕ್ಕ ಮೊದಲು ಆ ಬಸ್ಸಿಗೂ ಒಂದು ನೋಟಿಸ್ ಕೊಡ್ರಿ."